‘ಹಾರ್ಷ್’ ಎಂಬ ಗುಣವಾಚಕ

ಇಂಗ್ಲಿಷಿನ ‘ಹಾರ್ಷ್’ ಎಂಬ ಪದವನ್ನು ಕಂಡೊಡನೆ ನಮ್ಮ ವಿದ್ಯಾರ್ಥಿಗಳು ‘ಕಠೋರ’ವೆಂದು ಬರೆದುಬಿಡುವುದುಂಟು. ಈ ಒಂದೇ ಅರ್ಥ ಎಲ್ಲೆಡೆಗೂ ಸಲ್ಲದು. ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಯ ಕೆಲವು ಉದಾಹರಣೆಗಳಿಂದ ಇದನ್ನು ವಿಚಾರಮಾಡೋಣ.

ಮಂಡ್ಯದ ಕಬ್ಬಿನ ಗದ್ದೆಯಲ್ಲಿ ನಡೆದವರ ಮೈಕೈ ತರಚುವುದು ಸಾಮಾನ್ಯ. ಕಬ್ಬಿನ ಗರಿಯ ಅಂಚಿನಲ್ಲಿ ಅತಿ ಸಣ್ಣ ಹಲ್ಲುಗಳಿವೆ. ಮರಳಿನ ಮುಖ್ಯ ದ್ರವ್ಯವಾದ ಸಿಲಿಕವನ್ನು ಗಿಡವು ಮಣ್ಣಿನಿಂದ ಹೀರಿ ಗರಿಯಲ್ಲಿ ಸೇರಿಸಿಕೊಳ್ಳುವುದರಿಂದ ಅದು ಗಟ್ಟಿಯಾಗುತ್ತದೆ. ಈ ಸ್ಪರ್ಶವು ‘ಹಾರ್ಷ್’, ಕನ್ನಡದಲ್ಲಿ ‘ಒರಟು’. ಪದದ ಮೂಲಾರ್ಥವೂ ಇದೇ.

ಮದ್ದೂರಿನ ನಿಲ್ದಾಣದಲ್ಲಿ ರೈಲು ನಿಲ್ಲುವಾಗ ಚಕ್ರವೂ ಬ್ರೇಕೂ ಉಜ್ಜಿ ಕಿರುಗುಟ್ಟಿದರೆ ಆ ಶಬ್ದವೂ ‘ಹಾರ್ಷ್’. ಸೆಕೆಂಡಿಗೆ ಸುಮಾರು 2000ದಿಂದ 5000 ಕಂಪನಗಳುಳ್ಳ ಶಬ್ದಗಳಿಗೆ ನಮ್ಮ ಕಿವಿ ಬಹು ಸೂಕ್ಷ್ಮವಾದುದರಿಂದ ಅಂತಹ ಕಿರುಚು ಸಹಿಸಲಾಗದು. ಇಲ್ಲಿ ‘ಕರ್ಕಶ’ವೇ ತಕ್ಕ ಪದ. ಮಳವಳ್ಳಿಯ ಮಳೆಯಾಶ್ರಿತ ಹೊಲದಲ್ಲಿ ಬೇಸಿಗೆಯ ನಡುಹಗಲು ಕಣ್ಣು ಕುಕ್ಕುವ ಬೆಳಕಿಗೆ ‘ಪ್ರಖರ’ವೆನ್ನಬೇಕು. ಅಲ್ಲಿಯೇ ಕಾಯಾಗಿರುವ ನೇರಳೆಯನ್ನು ಕಚ್ಚಿದರೆ ನಾಲಗೆ ಒಣಗಿದಂತಾಗುತ್ತದೆ. ಕಾಯಿಯ ಟ್ಯಾನಿನ್ನು ಜೊಲ್ಲಿನ ಪ್ರೋಟೀನಿನೊಡನೆ ಬೆಸೆಯುವುದೇ ಇದಕ್ಕೆ ಕಾರಣ. ಈ ರುಚಿಗೆ ‘ಒಗರು’ ಎಂಬ ಅಚ್ಚಗನ್ನಡ ಪದವಿದೆ.

‘ಹಾರ್ಡ್’ ಎಂಬ ಪದದೊಡನೆ ಇದನ್ನು ಬೆರೆಸಬಾರದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಾಗಿದ್ದು ಸಾಬೂನು ನೊರೆಗಟ್ಟದ ಬಾವಿನೀರು ‘ಹಾರ್ಡ್’, ಅಂದರೆ ಗಡಸು. ಗಡಸುತನವು ಅಳೆಯಬಹುದಾದ ಗುಣ. ‘ಹಾರ್ಷ್’ ಎಂಬುದಾದರೋ ಇಂದ್ರಿಯಕ್ಕೋ ಮನಸ್ಸಿಗೋ ಆಗುವ ನೋವನ್ನು ಹೇಳುವ ಮಾತು. ಹಾಗೆಯೇ ಶಿಸ್ತನ್ನು ಬಯಸುವ ಉಪಾಧ್ಯಾಯರು ‘ಸ್ಟ್ರಿಕ್ಟ್’, ಕಟ್ಟುನಿಟ್ಟಿನವರು. ತಪ್ಪಿಗೆ ಮೀರಿದ ಶಿಕ್ಷೆ ಮಾತ್ರ ‘ಹಾರ್ಷ್’. ‘ಕಠೋರ’ವೆಂಬ ಪದ ಒಪ್ಪುವುದು ಇಲ್ಲಿ.

ಇನ್ನು ಮಾತಿನ ವಿಷಯ. ಮಂಡ್ಯದ ಸೀಮೆಯ ನುಡಿ ಒರಟೆಂದು ಹೊರಗಿನವರು ಹೇಳುವುದುಂಟು. ಗೆಳೆಯನೊಬ್ಬನು ಇನ್ನೊಬ್ಬನನ್ನು ‘ಏನ್ಲಾ, ಉಂಡ್ಯಾ?’ ಎಂದು ಕೇಳಿದರೆ ದನಿ ಬಿರುಸಾಗಿದ್ದೀತು; ಅದರೊಳಗಿರುವುದು ಅಕ್ಕರೆ. ‘ಹಾರ್ಷ್ ವರ್ಡ್ಸ್’ ಎಂದರೆ ಕೇಳಿದವರ ಮನ ನೋಯಿಸುವ ಬಿರುನುಡಿ. ನಯವಾದ ದನಿಯಲ್ಲಿ, ಶುದ್ಧ ವ್ಯಾಕರಣದಲ್ಲಿ ಆಡಿದ ಮಾತೂ ಬಿರುನುಡಿಯಾಗಬಲ್ಲದು. ದನಿಯನ್ನು ಮಾತ್ರ ಕೇಳಿ ಒಂದು ಸೀಮೆಯ ಜನರನ್ನೇ ‘ಹಾರ್ಷ್’ ಎಂದರೆ ಅದು ಪದಕ್ಕೂ ಜನಕ್ಕೂ ಮಾಡಿದ ಅನ್ಯಾಯ.

ಆದುದರಿಂದ ಈ ಪದವನ್ನು ಭಾಷಾಂತರಿಸುವ ಮೊದಲು, ನೊಂದದ್ದು ಚರ್ಮವೋ ಕಿವಿಯೋ ಕಣ್ಣೋ ನಾಲಗೆಯೋ ಮನಸ್ಸೋ ಎಂದು ಕೇಳಿಕೊಳ್ಳೋಣ. ತಕ್ಕ ಕನ್ನಡ ಪದವು ತಾನಾಗಿಯೇ ದೊರಕುವುದು.