ಮಂಜೂರಾತಿ ಪತ್ರ ಬಂದ ಮೇಲೆ, ಹಣ ಬರುವ ಮೊದಲು



ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲದಲ್ಲಿ ನಮ್ಮ ಸದಸ್ಯರಲ್ಲಿ ಹಲವರು ಮನೆ ಕಟ್ಟುವ ಯೋಚನೆ ಮಾಡುತ್ತಾರೆ. ಬ್ಯಾಂಕಿನಿಂದ ಮಂಜೂರಾತಿ ಪತ್ರ ಬಂದೊಡನೆ ಸಾಲದ ಕೆಲಸ ಮುಗಿಯಿತೆಂದು ತಿಳಿಯುವುದುಂಟು. ನಾನೂ ಹಾಗೆಯೇ ತಿಳಿದು ಪೆಟ್ಟು ತಿಂದವನು.

2018ರ ಮಾರ್ಚ್‌ನಲ್ಲಿ ನನ್ನ ಮನೆ ಸಾಲ ಮಂಜೂರಾಯಿತು. ಆ ಧೈರ್ಯದ ಮೇಲೆ ಕೈಯಲ್ಲಿದ್ದ ಹಣದಿಂದ ಪಾಯ ಹಾಕಿ ಗೋಡೆ ಎಬ್ಬಿಸಿದೆ. ಏಪ್ರಿಲ್‌ನಲ್ಲಿ ನನ್ನ ಭಾವಮೈದುನ ಪಿಕಪ್ ಗಾಡಿಯ ಸಾಲಕ್ಕೆ ಜಾಮೀನು ಕೇಳಿದ. ಎರಡು ಮಾತಿಲ್ಲದೆ ಸಹಿ ಹಾಕಿದೆ. ಮೇ ಕೊನೆಯಲ್ಲಿ ಮೊದಲ ಕಂತು ಕೇಳಲು ಹೋದಾಗ ಬ್ಯಾಂಕಿನವರು ನನ್ನ ಸಾಲದ ವರದಿಯನ್ನು ಮತ್ತೊಮ್ಮೆ ತರಿಸಿ ನೋಡಿದರು. ಜಾಮೀನು ಅದರಲ್ಲಿತ್ತು. ಕಡತ ಮೇಲಿನ ಕಚೇರಿಗೆ ಮರಳಿತು. ಸಾಲದ ಮೊತ್ತ ತಗ್ಗಿ, ಹಣ ಕೈಸೇರುವಾಗ ಆಗಸ್ಟ್ ಕಳೆದಿತ್ತು. ಆ ವರ್ಷದ ಮಳೆಯನ್ನು ಮಲೆನಾಡು, ಕೊಡಗಿನಲ್ಲಿ ಯಾರೂ ಮರೆತಿಲ್ಲ. ಸೂರಿಲ್ಲದೆ ನಿಂತ ನಮ್ಮ ಪಡುವಣ ಗೋಡೆ ಕುಸಿದುಬಿತ್ತು. ಸಂಘದಲ್ಲಿ ದಿನಾ ಸಾಲದ ಕಾಗದ ನೋಡುವ ನನಗೇ ಈ ಗತಿಯಾಯಿತು. ತಪ್ಪು ಬ್ಯಾಂಕಿನದಲ್ಲ, ನನ್ನದೇ.

ತಿಳಿಯಬೇಕಾದ್ದು ಇಷ್ಟು. ಅರ್ಜಿಯ ದಿನ ನಾವು ತೋರಿಸಿದ ಆದಾಯ ಮತ್ತು ಹೊಣೆಗಳ ಮೇಲೆ ಮಂಜೂರಾತಿ ಸಿಗುತ್ತದೆ. ಹಣ ಬಿಡುಗಡೆಗೆ ಮೊದಲು ಅವೇ ಹಾಗೆ ಇವೆಯೇ ಎಂದು ಬ್ಯಾಂಕು ಮತ್ತೆ ನೋಡಬಹುದು. ಆದ್ದರಿಂದ ಈ ಮಧ್ಯಕಾಲದಲ್ಲಿ ಕೆಳಗಿನ ವಿಷಯಗಳಲ್ಲಿ ಎಚ್ಚರವಿರಲಿ.

1. ಜಾಮೀನು ನಿಲ್ಲಬೇಡಿ. 1872ರ ಕರಾರು ಕಾಯಿದೆಯ ಪ್ರಕಾರ, ಬೇರೆ ಷರತ್ತಿಲ್ಲದಿದ್ದರೆ, ಸಾಲಗಾರನಿಗಿರುವಷ್ಟೇ ಹೊಣೆ ಜಾಮೀನುದಾರನಿಗೂ ಇದೆ. ನೆಂಟರು ಕೇಳಿದರೆ, "ನನ್ನ ಮನೆ ಸಾಲ ಕೈಗೆ ಬರಲಿ ಮಾರಾಯ, ಆಮೇಲೆ ನೋಡೋಣ" ಎನ್ನಿ. ಮುನಿಸು ನಾಲ್ಕು ದಿನದ್ದು.

2. ಹೊಸ ಸಾಲ ಬೇಡ. ಬೈಕು, ಟಿಲ್ಲರ್, ಕಂತಿನ ಫ್ರಿಜ್ಜು, ಚಿನ್ನದ ಸಾಲ ಎಲ್ಲವೂ ವರದಿಗೆ ಬರುತ್ತವೆ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಈ ಮಾಹಿತಿ ಕಳುಹಿಸಬೇಕಾಗಿದೆ. ತಿಂಗಳುಗಟ್ಟಲೆ ಮರೆಯಲ್ಲಿರುತ್ತದೆಂಬ ಭ್ರಮೆ ಬೇಡ.

3. ಬೆಳೆ ಸಾಲದ ಗಡುವು ಮೀರಬೇಡಿ. ಧಾರಣೆ ಏರಲೆಂದು ಅಡಿಕೆ ಕಟ್ಟಿಟ್ಟುಕೊಂಡು ಕಂತು ತಪ್ಪಿಸುವುದು ನಮ್ಮ ಹಳೆಯ ಚಾಳಿ. ಈ ಒಂದು ವರ್ಷ ನಾಲ್ಕು ಮೂಟೆ ಮೊದಲೇ ಮಾರಿ ಗಡುವಿಗೆ ಕಟ್ಟಿ. ಕ್ವಿಂಟಾಲಿಗೆ ಸಿಗಬಹುದಾದ ಲಾಭಕ್ಕಿಂತ ಸುಸ್ತಿದಾರನೆಂಬ ದಾಖಲೆಯ ನಷ್ಟ ದೊಡ್ಡದು.

4. ಸ್ವಂತ ಪಾಲಿನ ಹಣ ಮುಟ್ಟಬೇಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಮನೆ ಸಾಲ ಆಸ್ತಿ ಬೆಲೆಯ ಶೇ. 90ನ್ನು, 30ರಿಂದ 75 ಲಕ್ಷದವರೆಗಿನದು ಶೇ. 80ನ್ನು ಮೀರುವಂತಿಲ್ಲ. 40 ಲಕ್ಷದ ಮನೆಗೆ 32 ಲಕ್ಷ ಸಾಲವೆಂದರೆ ಉಳಿದ 8 ಲಕ್ಷ ನಿಮ್ಮದೇ. ಆ ಹಣದಲ್ಲಿ ಗೊಬ್ಬರ ಕೊಂಡರೆ ಮನೆ ಅರ್ಧಕ್ಕೆ ನಿಲ್ಲುತ್ತದೆ.

5. ಖಾತೆಗೆ ಬಂದ ಹಣಕ್ಕೆ ಕಾಗದವಿರಲಿ. ಕಾಫಿ, ಅಡಿಕೆ, ಮೆಣಸು ಮಾರಿದ ಬಿಲ್ಲುಗಳನ್ನು ಕಟ್ಟಿಡಿ. ಮೂಲ ಹೇಳಲಾಗದ ದೊಡ್ಡ ನಗದು ಜಮೆ ಪ್ರಶ್ನೆ ಎಬ್ಬಿಸುತ್ತದೆ.

6. ಜಾಗದ ದಾಖಲೆ ಕದಲಿಸಬೇಡಿ. ಅಣ್ಣತಮ್ಮಂದಿರ ಪಾಲುಪಟ್ಟಿ, ದಾನಪತ್ರ, ಹೊಸ ಅಡಮಾನ ಏನಿದ್ದರೂ ಋಣಭಾರ ಪತ್ರದಲ್ಲಿ ಕಾಣುತ್ತದೆ. ಅವುಗಳನ್ನು ಅರ್ಜಿಗೆ ಮೊದಲೇ ಮುಗಿಸಿ.

ತೀರಾ ಅನಿವಾರ್ಯವಾದ ಖರ್ಚು ಬಂದರೆ, ಆಸ್ಪತ್ರೆಯದೋ ಮದುವೆಯದೋ, ಸಹಿ ಹಾಕುವ ಮೊದಲು ಬ್ಯಾಂಕಿಗೆ ಹೋಗಿ ಹೇಳಿ. ಅವರಾಗಿಯೇ ಕಂಡುಹಿಡಿಯುವುದಕ್ಕಿಂತ ನೀವಾಗಿಯೇ ಹೇಳುವುದು ಲೇಸು. ಮಂಜೂರಾತಿ ಪತ್ರದ ಅವಧಿಯನ್ನೂ ಷರತ್ತುಗಳನ್ನೂ ಮನೆಯವರೊಡನೆ ಕುಳಿತು ಓದಿ. ಅರ್ಥವಾಗದಿದ್ದರೆ ಪತ್ರವನ್ನು ಸಂಘದ ಕಚೇರಿಗೆ ತನ್ನಿ, ಒಟ್ಟಿಗೆ ಓದೋಣ.

ಹಣ ಖಾತೆಗೆ ಬಿದ್ದ ಮೇಲೆಯೇ ಮೇಸ್ತ್ರಿಗೆ ಸೂರಿನ ದಿನ ಗೊತ್ತುಮಾಡಿ. ಮಳೆ ನಮ್ಮ ಕಡತಕ್ಕಾಗಿ ಕಾಯುವುದಿಲ್ಲ.

ಇತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ