ಎರಡು ಪದರಗಳ ಕಡಲಿನಲ್ಲಿ ಜೋಡಿ ಸುಳಿಗಳು

ಹೊಳೆಯ ಸುಳಿಯಲ್ಲಿ ಸಿಕ್ಕಿದ ತರಗೆಲೆ ಅದರ ಸುತ್ತ ತಿರುಗುವುದನ್ನು ನಾವೆಲ್ಲರೂ ನೋಡಿದ್ದೇವೆ. ಎಲೆಯಿದ್ದ ಜಾಗದಲ್ಲಿ ಇನ್ನೊಂದು ಸುಳಿಯೇ ಇದ್ದರೆ?

ಇದಕ್ಕೆ ಗಣಿತದ ಉತ್ತರವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1858ರಲ್ಲಿ ಕೊಟ್ಟರು. ಸುಳಿಯು ತನ್ನನ್ನು ತಾನೇ ಸಾಗಿಸಿಕೊಳ್ಳಲಾರದು. ನೆರೆಯ ಸುಳಿ ಎಬ್ಬಿಸಿದ ಪ್ರವಾಹವೇ ಅದನ್ನು ಒಯ್ಯಬೇಕು. ಆ ಪ್ರವಾಹದ ವೇಗವೆಷ್ಟು? ಸುಳಿಯ ಬಲವನ್ನು 2 ಪೈಯಿಂದಲೂ ದೂರದಿಂದಲೂ ಭಾಗಿಸಿದಾಗ ಬರುವಷ್ಟು. ಸಮಬಲದ ಎರಡು ಸುಳಿಗಳು ಒಂದೇ ದಿಕ್ಕಿಗೆ ತಿರುಗುತ್ತಿದ್ದರೆ ಅವು ತಮ್ಮ ನಡುಬಿಂದುವಿನ ಸುತ್ತ ಸುತ್ತುತ್ತವೆ. ದೂರ ಇಮ್ಮಡಿಯಾದರೆ ವೇಗ ಅರ್ಧವಾಗುತ್ತದೆ, ಸುತ್ತಬೇಕಾದ ವೃತ್ತ ಇಮ್ಮಡಿಯಾಗುತ್ತದೆ. ಆದುದರಿಂದ ಒಂದು ಸುತ್ತಿಗೆ ನಾಲ್ಕು ಪಟ್ಟು ಕಾಲ ಬೇಕು. ವಿರುದ್ಧ ದಿಕ್ಕಿನವಾದರೋ ಜೋಡೆತ್ತುಗಳಂತೆ ಪಕ್ಕಪಕ್ಕದಲ್ಲಿ ನೇರವಾಗಿ ಸಾಗುತ್ತವೆ, ಹತ್ತಿರವಿದ್ದಷ್ಟೂ ಬೇಗ.

ಆದರೆ ಕಡಲು ಏಕರೂಪದ ನೀರಲ್ಲ. ಮೇಲೆ ಬೆಚ್ಚನೆಯ ಹಗುರ ನೀರು, ಕೆಳಗೆ ತಣ್ಣನೆಯ ಭಾರವಾದ ನೀರು. ಸಮ ದಪ್ಪದ ಎರಡು ಪದರಗಳೆಂದು ಭಾವಿಸೋಣ. (ನಿಜವಾದ ಕಡಲಿನಲ್ಲಿ ಮೇಲ್ಪದರ ತೆಳು, ಲೆಕ್ಕದ ಸೌಕರ್ಯಕ್ಕಾಗಿ ಹೇಳಿದ ಈ ಸುಳ್ಳನ್ನು ಓದುಗರು ಮನ್ನಿಸಬೇಕು.) ಮೇಲ್ಪದರದ ಸುಳಿಯ ಪ್ರಭಾವ ಕೆಳಗಿನ ನೀರಿಗೆ ತಾಗುವುದೆ? ಇದನ್ನು ನಿರ್ಣಯಿಸುವುದು ರಾಸ್‌ಬಿ ತ್ರಿಜ್ಯವೆಂಬ ಅಳತೆ. ಪದರಗಳ ದಪ್ಪ, ಅವುಗಳ ಸಾಂದ್ರತೆಯ ವ್ಯತ್ಯಾಸ, ಭೂಮಿಯ ಭ್ರಮಣ ಇವುಗಳಿಂದ ಅದು ಗೊತ್ತಾಗುತ್ತದೆ; ಮಧ್ಯ ಅಕ್ಷಾಂಶಗಳ ಕಡಲಿನಲ್ಲಿ ಅದು ಕೆಲವು ಹತ್ತು ಕಿಲೋಮೀಟರು. ಅದಕ್ಕಿಂತ ಬಹಳ ಕಡಮೆ ದೂರದಲ್ಲಿ ಸುಳಿಯ ಪ್ರವಾಹವೆಲ್ಲ ಅದರ ಪದರದಲ್ಲಿಯೇ. ಕೆಳಪದರಕ್ಕೆ ಸುದ್ದಿಯೇ ಇಲ್ಲ. ಬಹಳ ಹೆಚ್ಚು ದೂರದಲ್ಲಿ ಎರಡು ಪದರಗಳೂ ಪಾಲು ಹಂಚಿಕೊಂಡು, ಮೊದಲಿನ ಸೂತ್ರ ಹೇಳುವುದರ ಅರ್ಧ ವೇಗದಿಂದ ಒಟ್ಟಿಗೆ ಚಲಿಸುತ್ತವೆ.

ಈಗ ಸಮಬಲದ, ವಿರುದ್ಧ ದಿಕ್ಕಿನ ಎರಡು ಸುಳಿಗಳನ್ನು ಮೇಲೊಂದು, ಕೆಳಗೊಂದು ಇಡೋಣ. ನೆಟ್ಟಗೆ ಒಂದರ ಕೆಳಗೊಂದಿದ್ದರೆ ಜೋಡಿ ನಿಶ್ಚಲ. ಬಹುದೂರ ಸರಿಸಿದರೂ ಚಲನೆ ಅತ್ಯಲ್ಪ. ಎರಡು ಕೊನೆಗಳಲ್ಲಿಯೂ ಸೊನ್ನೆಯತ್ತ ಇಳಿಯುವ ವೇಗ ನಡುವೆಲ್ಲೋ ಗರಿಷ್ಠವನ್ನು ಮುಟ್ಟಲೇಬೇಕಷ್ಟೆ. ಲೆಕ್ಕ ಮಾಡಿದರೆ ಆ ಸ್ಥಾನ ರಾಸ್‌ಬಿ ತ್ರಿಜ್ಯದ ಸುಮಾರು 1.1ರಷ್ಟು ದೂರದಲ್ಲಿ ದೊರೆಯುತ್ತದೆ. ಒಂದೇ ಪದರದ ಜೋಡಿಗೆ ಇಂಥ ಗರಿಷ್ಠವೇ ಇಲ್ಲವೆಂಬುದನ್ನು ಗಮನಿಸಬೇಕು.

1985ರಲ್ಲಿ ನೆಲ್ಸನ್ ಹಾಗ್ ಮತ್ತು ಹೆನ್ರಿ ಸ್ಟಾಮೆಲ್ ಎಂಬ ಸಾಗರವಿಜ್ಞಾನಿಗಳು ಈ ಜೋಡಿಗೆ ‘ಹೀಟಾನ್’ ಎಂದು ಹೆಸರಿಟ್ಟರು. ಅದು ಶಾಖವನ್ನು ಸಾಗಿಸುವುದರಿಂದ ಆ ಹೆಸರು. ಉತ್ತರಾರ್ಧಗೋಳದಲ್ಲಿ ಮೇಲಿನ ಸುಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿಯೂ ಕೆಳಗಿನದು ಮುಳ್ಳಿನಂತೆಯೂ ತಿರುಗಿದರೆ, ಪದರಗಳ ಗಡಿ ಮೇಲಕ್ಕೆ ಉಬ್ಬಿ ಅಲ್ಲಿ ತಣ್ಣೀರು ಹೆಚ್ಚುತ್ತದೆ; ಜೋಡಿ ಸಾಗಿದರೆ ಆ ತಂಪೂ ಜೊತೆಗೇ ಸಾಗುತ್ತದೆ. ಲ್ಯಾಬ್ರಡಾರ್ ಸಮುದ್ರದಂಥ ಕಡೆ ಚಳಿಗಾಲದಲ್ಲಿ ಮೇಲ್ನೀರು ತಣಿದು ಮುಳುಗುವಾಗ, ಮೇಲ್ಪದರದ ನೀರು ಒಳಕ್ಕೆ ಕೂಡುತ್ತ ಒಂದು ದಿಕ್ಕಿಗೂ, ಕೆಳಪದರದ್ದು ಹೊರಕ್ಕೆ ಹರಡುತ್ತ ಇನ್ನೊಂದು ದಿಕ್ಕಿಗೂ ತಿರುಗತೊಡಗುತ್ತದೆ. ಇಂಥ ಅನೇಕ ಸುಳಿಗಳನ್ನು ಒಂದೆಡೆ ಗುಂಪುಗೂಡಿಸಿ ಲೆಕ್ಕ ಹಾಕಿದರೆ, ಗುಂಪು ಸಿಡಿದು ಓರೆಯಾದ ಜೋಡಿಗಳು ಸುತ್ತಲೂ ಚದರುತ್ತವೆ, ತಣ್ಣೀರನ್ನು ಹೊತ್ತು. ಬರಿದಾದ ಜಾಗಕ್ಕೆ ಹೊರಗಿನ ಬೆಚ್ಚನೆಯ ನೀರು ನುಗ್ಗುತ್ತದೆ.