ಹಳೆಯ ಪತ್ರಿಕೆ ಹೇಳುವ ಗುಡ್ಡದ ಚರಿತ್ರೆ

2018ರ ಆಗಸ್ಟ್ ತಿಂಗಳ ನಡುವಿನಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು ಮೊದಲಾದ ಗ್ರಾಮಗಳಲ್ಲಿ ಗುಡ್ಡಗಳು ಜರಿದು ಮನೆಗಳನ್ನೂ ತೋಟಗಳನ್ನೂ ಕೊಚ್ಚಿಕೊಂಡುಹೋದುವು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬಳಿ ಬ್ರಹ್ಮಗಿರಿಯ ಪಾರ್ಶ್ವವು ಕುಸಿಯಿತು. ಈ ಇಳಿಜಾರುಗಳು ಹಿಂದೆಯೂ ಜರಿದಿದ್ದುವೆ? ಜರಿದಿದ್ದರೆ ಎಲ್ಲಿ, ಯಾವಾಗ? ಮುಂದೆ ಮನೆ ಕಟ್ಟುವವನಿಗೂ ರಸ್ತೆ ಹಾಕುವವನಿಗೂ ಈ ಪ್ರಶ್ನೆಯ ಉತ್ತರ ಬೇಕು.

ಮಳೆಮಾಪಕವು ಒಂದು ದಿನದಲ್ಲಿ ಎಷ್ಟು ಮಿಲಿಮೀಟರ್ ಮಳೆ ಬಿದ್ದಿತೆಂಬುದನ್ನು ತಿಳಿಸುವುದು. ಆದರೆ ಯಾವ ಊರಿನ ಯಾವ ಬರೆ ಕುಸಿಯಿತು, ಯಾವ ದಾರಿ ಎಷ್ಟು ದಿನ ಮುಚ್ಚಿತ್ತು ಎಂಬುದನ್ನು ಅದು ಹೇಳಲಾರದು. ಇಂತಹ ಸಂಗತಿಗಳಿಗೆ ಎಡೆ ದೊರೆಯುವುದು ಊರಿನ ಪತ್ರಿಕೆಗಳಲ್ಲಿ. ಮಡಿಕೇರಿಯಲ್ಲಿ 1957ರಲ್ಲಿ ಬಿ. ಎಸ್. ಗೋಪಾಲಕೃಷ್ಣ ಅವರು ಆರಂಭಿಸಿದ ‘ಶಕ್ತಿ’ಯಂತಹ ಸ್ಥಳೀಯ ದಿನಪತ್ರಿಕೆಗಳ ಹಳೆಯ ಸಂಚಿಕೆಗಳು ಆದುದರಿಂದಲೇ ವಿಜ್ಞಾನಿಗೂ ಬೆಲೆಯುಳ್ಳವು.

ಕಾಗದದ ಆಯುಸ್ಸು

ಪತ್ರಿಕೆಯ ಅಗ್ಗದ ಕಾಗದವನ್ನು ಅರೆದ ಮರದ ತಿರುಳಿನಿಂದ ಮಾಡುವರು. ಅದರಲ್ಲಿ ಲಿಗ್ನಿನ್ ಎಂಬ ವಸ್ತು ಉಳಿದಿರುವುದು. ಬೆಳಕೂ ಗಾಳಿಯೂ ತಗುಲಿದಾಗ ಲಿಗ್ನಿನ್ ಕಾಗದವನ್ನು ಹಳದಿಯಾಗಿಸುವುದು. ಕಾಗದದಲ್ಲಿ ಹುಟ್ಟುವ ಆಮ್ಲವು ಸೆಲ್ಯುಲೋಸ್ ಎಳೆಗಳನ್ನು ತುಂಡರಿಸುವುದು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕು ಮಳೆಯಾಗುವ ಮಡಿಕೇರಿಯಲ್ಲಿ ತೇವ ಈ ಕ್ರಿಯೆಯನ್ನು ತ್ವರೆಗೊಳಿಸುವುದು, ಬೂಷ್ಟೂ ಸೇರಿಕೊಳ್ಳುವುದು. ಕಾಗದ ಪುಡಿಯಾಗುವ ಮೊದಲೇ ಪುಟಗಳ ಚಿತ್ರ ತೆಗೆದಿಡಬೇಕು.

15 ಅಂಗುಲ ಅಗಲ, 22 ಅಂಗುಲ ಉದ್ದದ ಒಂದು ಪುಟವನ್ನು ತೆಗೆದುಕೊಳ್ಳೋಣ. ಅಂಗುಲಕ್ಕೆ 400 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ 6000 × 8800, ಅಂದರೆ 5 ಕೋಟಿ 28 ಲಕ್ಷ ಚುಕ್ಕೆಗಳಾಗುವುವು. ಚುಕ್ಕೆಗೊಂದು ಬೈಟ್ ಎಂದರೆ ಪುಟಕ್ಕೆ ಸುಮಾರು 53 ಮೆಗಾಬೈಟ್. ನಾಲ್ಕು ಪುಟದ ವಾರಪತ್ರಿಕೆಯ ಒಂದು ವರ್ಷದ 208 ಪುಟಗಳಿಗೆ ಸುಮಾರು 11 ಗಿಗಾಬೈಟ್ ಸ್ಥಳ ಬೇಕು. ಇಂದಿನ ಗಣಕಯಂತ್ರಕ್ಕೆ ಇದು ಭಾರವಲ್ಲ.

ಚಿತ್ರದಿಂದ ಅಕ್ಷರಕ್ಕೆ

ಆದರೆ ಚಿತ್ರವನ್ನು ಹುಡುಕಲಾಗದು. ಗಣಕಯಂತ್ರದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯುಂಟು. ಯುನಿಕೋಡ್ ಪದ್ಧತಿಯಲ್ಲಿ ‘ಬರೆ’ ಎಂಬ ಮಾತು 3244, 3248, 3270 ಎಂಬ ಮೂರು ಸಂಖ್ಯೆಗಳು: ಬಕಾರ, ರಕಾರ, ಎತ್ವದ ಗುರುತು. ಚುಕ್ಕೆಗಳ ಆಕಾರವನ್ನು ನೋಡಿ ಯಂತ್ರವು ಈ ಸಂಖ್ಯೆಗಳನ್ನು ಊಹಿಸಬೇಕು.

ಕನ್ನಡದಲ್ಲಿ ಈ ಕೆಲಸ ಸುಲಭವಲ್ಲ. ಕಾಗುಣಿತದ ಗುರುತುಗಳು ಅಕ್ಷರದ ಮೇಲೂ ಪಕ್ಕದಲ್ಲಿಯೂ ಕೂಡುವುವು, ಒತ್ತಕ್ಷರ ಕೆಳಗಿಳಿಯುವುದು. ‘ರ’ ಮತ್ತು ‘ಠ’ಗಳಿಗೆ ನಡುವಿನ ಒಂದು ಚುಕ್ಕೆಯಷ್ಟೇ ವ್ಯತ್ಯಾಸ. ಆ ಜಾಗದಲ್ಲಿ ಬೂಷ್ಟಿನ ಕಲೆಯೊಂದು ಬಿದ್ದರೆ 3248ಕ್ಕೆ ಬದಲು 3232 ದಾಖಲಾಗಿ, ‘ಬರೆ’ಯು ‘ಬಠೆ’ಯಾಗುವುದು. ‘ಬರೆ’ ಎಂದು ಹುಡುಕಿದವನಿಗೆ ಆ ಕುಸಿತದ ಸುದ್ದಿ ಸಿಕ್ಕುವುದೇ ಇಲ್ಲ! ಆದುದರಿಂದ ಯಂತ್ರ ಓದಿದುದನ್ನು ಮನುಷ್ಯನು ತಿದ್ದಬೇಕು. ಆಸ್ಟ್ರೇಲಿಯದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ಸಂಗ್ರಹದಲ್ಲಿ ಸಾಮಾನ್ಯ ಓದುಗರೇ ಹಳೆಯ ಪತ್ರಿಕೆಗಳ ಪಾಠವನ್ನು ತಿದ್ದುತ್ತಾರೆ.

ಹೆಸರುಗಳ ತೊಡಕು

ಇನ್ನೊಂದು ತೊಡಕು ಹೆಸರುಗಳದು. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವರು ಹರ್ಮನ್ ಮೊಗ್ಲಿಂಗ್, ಮುಂದೆ ಅವರು ಕೊಡಗಿನಲ್ಲಿಯೂ ನೆಲಸಿದರು. ಆ ಪತ್ರಿಕೆ ಬಳ್ಳಾರಿಗೆ ಹೋದಾಗ ‘ಕಂನಡ ಸಮಾಚಾರ’ವಾಯಿತು. ಇಂದಿನ ಬರವಣಿಗೆಯಂತೆ ‘ಕನ್ನಡ’ವೆಂದೇ ಹುಡುಕಿದರೆ ಅದು ದೊರೆಯದು. ಹಾಗೆಯೇ ಇಂದಿನ ಕುಶಾಲನಗರವು ಬ್ರಿಟಿಷರ ಕಾಲದಲ್ಲಿ ಫ್ರೇಜರ್‌ಪೇಟೆ. ಮಡಿಕೇರಿಯು ಇಂಗ್ಲಿಷ್ ಬರಹಗಳಲ್ಲಿ ಮರ್ಕೆರಾ. ‘ಭೂಕುಸಿತ’ವೆಂದು ಹುಡುಕುವವನು ‘ಬರೆ ಜರಿಯಿತು’, ‘ಗುಡ್ಡ ಕುಸಿಯಿತು’ ಎಂಬ ಮಾತುಗಳನ್ನೂ ನೆನೆಯಬೇಕು. ಕನ್ನಡ ಲಿಪಿಯಲ್ಲಿಯೇ ಬರೆಯುವ ಕೊಡವ ತಕ್ಕಿನ ಪದಗಳನ್ನೂ ಮನೆತನಗಳ ಹೆಸರುಗಳನ್ನೂ, ಕನ್ನಡ ನಿಘಂಟನ್ನು ನಂಬಿದ ಯಂತ್ರವು ತಪ್ಪೆಂದು ಭಾವಿಸಿ ‘ತಿದ್ದಿ’ಬಿಡಬಹುದು. ಆಗ ಊರೂ ಮನೆಯೂ ದಾಖಲೆಯಿಂದ ಅಳಿಸಿಹೋಗುವುವು.

ಸುದ್ದಿಯನ್ನು ತೂಗುವ ಬಗೆ

ಸಿಕ್ಕಿದ ಸುದ್ದಿಯನ್ನೆಲ್ಲ ನಂಬಬೇಕೆಂದಲ್ಲ. ವರದಿಗಾರನು ಕೇಳಿದುದನ್ನು ಹಿಗ್ಗಿಸಿರಬಹುದು. ಅದೇ ದಿನದ ಮಳೆಯ ಲೆಕ್ಕದೊಡನೆ ಸುದ್ದಿಯನ್ನು ಹೋಲಿಸಬೇಕು. ಇದಕ್ಕಿಂತ ಸೂಕ್ಷ್ಮವಾದ ಮಾತೊಂದುಂಟು: ಪತ್ರಿಕೆಯಲ್ಲಿ ಸುದ್ದಿಯಿಲ್ಲವೆಂದ ಮಾತ್ರಕ್ಕೆ ಗುಡ್ಡ ಜರಿಯಲಿಲ್ಲವೆಂದು ಹೇಳಲಾಗದು. ರಸ್ತೆಯ ಬದಿಯ ಕುಸಿತ ಮರುದಿನವೇ ಅಚ್ಚಾಗುವುದು. ಕಾಡಿನೊಳಗಿನ ಕುಸಿತ ಯಾರಿಗೂ ತಿಳಿಯದೆ ಹೋಗಬಹುದು.

ವಿದ್ಯಾರ್ಥಿಗಳೂ ಈ ಕೆಲಸದಲ್ಲಿ ಪಾಲುಗೊಳ್ಳಬಹುದು. ನಮ್ಮ ಮನೆಯ ಅಟ್ಟದಲ್ಲಿಯೋ ಊರಿನ ವಾಚನಾಲಯದಲ್ಲಿಯೋ ಹಳೆಯ ಪತ್ರಿಕೆಯ ಕಟ್ಟೊಂದಿದ್ದರೆ ಅದನ್ನು ತೂಕಕ್ಕೆ ಹಾಕದೆ, ತೇವವಿಲ್ಲದೆಡೆಯಲ್ಲಿ ಚಪ್ಪಟೆಯಾಗಿ ಇಡೋಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸಂಚಿಕೆಗಳನ್ನು ಓದಿ, ಕುಸಿತದ ದಿನಾಂಕವನ್ನೂ ಸ್ಥಳವನ್ನೂ ಅಚ್ಚಾದಂತೆಯೇ ಬರೆದುಕೊಂಡು, ಪಕ್ಕದಲ್ಲಿ ಇಂದಿನ ಹೆಸರನ್ನು ಸೇರಿಸೋಣ. ಹಾಗೆ ಗುರುತಿಸಿದ ಒಂದು ಇಳಿಜಾರು ಮುಂದೆ ಒಂದು ಮನೆಯನ್ನು ಉಳಿಸಬಹುದು.